ಪರ್ಯಾಯನಾಮ, ನಾನಾರ್ಥ, ಪ್ರಯೋಗ: ವಂಶವಾಹಿ ಶೋಧಕ ಸಾಧನದ ವಿವರಣೆಯನ್ನು ಕುರಿತು

1. ಪ್ರಾಸ್ತಾವಿಕ

ಶಾಸ್ತ್ರಗ್ರಂಥಗಳ ಭಾಷೆಯನ್ನು ಕುರಿತ ಅಧ್ಯಯನ ಕನ್ನಡದಲ್ಲಿ ಹೊಸದೇನೂ ಅಲ್ಲ. ವ್ಯಾಕರಣ, ಛಂದಸ್ಸು, ಗಣಿತ, ವೈದ್ಯ, ಸೂಪಶಾಸ್ತ್ರ ಮೊದಲಾದ ವಿಷಯಗಳನ್ನು ಕನ್ನಡದಲ್ಲಿ ನಿರೂಪಿಸಿದವರು, ಎದುರಿಗಿಲ್ಲದ ಓದುಗನಿಂದ ಒಂದು ಕ್ರಿಯೆಯನ್ನು ತಪ್ಪಿಲ್ಲದೆ ಮಾಡಿಸುವುದು ಹೇಗೆ ಎಂಬ ಪ್ರಶ್ನೆಯನ್ನು ತಮ್ಮ ತಮ್ಮ ರೀತಿಯಲ್ಲಿ ಎದುರಿಸಿದ್ದಾರೆ. ಅದೇ ಪ್ರಶ್ನೆ ಈಗ ಅನಿರೀಕ್ಷಿತವಾದ ಒಂದು ಕ್ಷೇತ್ರದಲ್ಲಿ ಮತ್ತೆ ತಲೆಯೆತ್ತಿದೆ. ಅದು ಕೃತಕ ಬುದ್ಧಿಮತ್ತೆಯ ಏಜೆಂಟುಗಳಿಗಾಗಿ ಬರೆಯಲಾಗುವ ಸಾಧನವಿವರಣೆಯ ಕ್ಷೇತ್ರ.

ಪ್ರಸ್ತುತ ಲೇಖನದ ಲೇಖಕನಿಗೆ ಈ ವಿಷಯದ ಪರಿಚಯವಾದದ್ದು ಆಕಸ್ಮಿಕವಾಗಿ. ಪದವಿ ತರಗತಿಯಲ್ಲಿ ಜೊತೆಗೆ ಓದಿ, ಅನಂತರ ಅಣುಜೀವಶಾಸ್ತ್ರದ ಸಂಶೋಧನೆಗೆ ಹೋದ ಗೆಳೆಯರೊಬ್ಬರು ತಮ್ಮ ಪ್ರಯೋಗಾಲಯದ ಬಳಕೆಗೆ ಒಂದು ಚಿಕ್ಕ ವಂಶವಾಹಿ ಶೋಧಕ ಸಾಧನವನ್ನು ರೂಪಿಸಿದ್ದರು. ‘ಯಂತ್ರ ಸರಿಯಾಗಿದೆ, ಅದರ ವಿವರಣೆ ಸರಿಯಿಲ್ಲವೆಂದು ತೋರುತ್ತದೆ, ನೀನು ಭಾಷೆಯ ವಿದ್ಯಾರ್ಥಿ, ಒಮ್ಮೆ ನೋಡು’ ಎಂದು ಅವರು ಕೇಳಿದರು. ನೋಡುತ್ತ ಹೋದಂತೆ, ಅಲ್ಲಿಯ ತೊಡಕುಗಳು ನಿಘಂಟುಕಾರನ ಮತ್ತು ಲಾಕ್ಷಣಿಕನ ತೊಡಕುಗಳೇ ಎಂಬುದು ಸ್ಪಷ್ಟವಾಯಿತು. ಇಂತಹ ಸಾಧನದ ವಿವರಣೆ ಹೇಗಿರಬೇಕು, ಅದು ಕೆಟ್ಟರೆ ಏನಾಗುತ್ತದೆ, ಕನ್ನಡ ಅಧ್ಯಯನಕ್ಕೆ ಇದರಲ್ಲಿ ಏನು ಕೆಲಸವಿದೆ ಎಂಬ ಮೂರು ಅಂಶಗಳನ್ನು ಇಲ್ಲಿ ವಿವೇಚಿಸಲಾಗಿದೆ.

2. ಸಾಧನ ಮತ್ತು ಅದರ ಓದುಗ

ಮೊದಲು ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಭಾಷಾ ಮಾದರಿ ಎಂಬುದು ಅಪಾರ ಪ್ರಮಾಣದ ಬರಹದಿಂದ ಕಲಿತು, ಮುಂದೆ ಬರಬಹುದಾದ ಪದಗಳನ್ನು ಊಹಿಸುತ್ತ ವಾಕ್ಯಗಳನ್ನು ರಚಿಸುವ ಗಣಕವ್ಯವಸ್ಥೆ. ಈ ಮಾದರಿಗೆ ಬರಹದ ಜೊತೆಗೆ ಕ್ರಿಯೆಯ ಅವಕಾಶವನ್ನೂ ಕೊಟ್ಟಾಗ ಅದನ್ನು ಏಜೆಂಟ್ ಎಂದು ಕರೆಯುತ್ತಾರೆ. ಏಜೆಂಟ್ ಪ್ರಶ್ನೆಯನ್ನು ಓದಿ, ತನಗೆ ಒದಗಿಸಿರುವ ಸಾಧನಗಳಲ್ಲಿ ಒಂದನ್ನು ಆರಿಸಿ, ಅದಕ್ಕೆ ಬೇಕಾದ ಅಂಶಗಳನ್ನು ಕೊಟ್ಟು, ಬಂದ ಫಲಿತಾಂಶವನ್ನು ಓದಿ, ಮುಂದಿನ ಹೆಜ್ಜೆಯನ್ನು ನಿರ್ಧರಿಸುತ್ತದೆ. 2024ರ ನವೆಂಬರಿನಲ್ಲಿ ಪ್ರಕಟವಾದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಎಂಬ ಒಡಂಬಡಿಕೆ ಇಂತಹ ಸಾಧನಗಳನ್ನು ಒದಗಿಸುವ ಒಂದು ಸಾಮಾನ್ಯ ವಿಧಾನವನ್ನು ರೂಪಿಸಿತು. ಅದರಂತೆ ಪ್ರತಿಯೊಂದು ಸಾಧನಕ್ಕೂ ಒಂದು ಹೆಸರು, ಮಾತಿನಲ್ಲಿ ಬರೆದ ವಿವರಣೆ ಮತ್ತು ಕೊಡಬೇಕಾದ ಅಂಶಗಳ ಪಟ್ಟಿ ಇರುತ್ತವೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸಾಧನದ ಒಳಗಿನ ರಚನೆ ಏಜೆಂಟಿಗೆ ಸಾಮಾನ್ಯವಾಗಿ ಕಾಣುವುದಿಲ್ಲ. ಅದಕ್ಕೆ ಕಾಣುವುದು ಹೆಸರು, ವಿವರಣೆ ಮತ್ತು ಕೊಡಬೇಕಾದ ಅಂಶಗಳ ಪಟ್ಟಿ ಮಾತ್ರ. ಮನುಷ್ಯ ಓದುಗನಾದರೆ ವಿವರಣೆ ಅಸ್ಪಷ್ಟವಾಗಿದ್ದಾಗ ಪಕ್ಕದವರನ್ನು ಕೇಳುತ್ತಾನೆ, ಒಮ್ಮೆ ತಪ್ಪು ಮಾಡಿ ತಿದ್ದಿಕೊಳ್ಳುತ್ತಾನೆ, ಕಲಿತದ್ದನ್ನು ನೆನಪಿಟ್ಟುಕೊಳ್ಳುತ್ತಾನೆ. ಏಜೆಂಟ್ ಬಹುಮಟ್ಟಿಗೆ ಪ್ರತಿಸಲವೂ ವಿವರಣೆಯನ್ನು ಹೊಸದಾಗಿ ಓದುತ್ತದೆ. ಸಂದೇಹ ಬಂದರೂ ತಡೆದು ನಿಲ್ಲದೆ ಮುಂದುವರಿಯುವ ಪ್ರವೃತ್ತಿ ಅದಕ್ಕಿದೆ. ಆದುದರಿಂದ ವಿವರಣೆಯ ಒಂದೊಂದು ವಾಕ್ಯವೂ ಫಲಿತಾಂಶದ ಮೇಲೆ ನೇರವಾದ ಪರಿಣಾಮವನ್ನು ಬೀರುತ್ತದೆ.

ಗೆಳೆಯರ ಸಾಧನಕ್ಕಿದ್ದ ಮೊದಲ ವಿವರಣೆ ‘ವಂಶವಾಹಿಯ ಮಾಹಿತಿಯನ್ನು ನೀಡುತ್ತದೆ’ ಎಂಬ ಒಂದೇ ವಾಕ್ಯ. ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ದೋಷವಿಲ್ಲ. ಆದರೆ ಯಾವ ಜೀವಿಯ ವಂಶವಾಹಿ, ಯಾವ ಹೆಸರಿನಿಂದ ಕೇಳಬೇಕು, ಯಾವ ಮಾಹಿತಿ ದೊರೆಯುತ್ತದೆ, ದೊರೆಯದಿದ್ದರೆ ಏನು ಮಾಡಬೇಕು ಎಂಬ ಯಾವ ಪ್ರಶ್ನೆಗೂ ಇದು ಉತ್ತರ ಹೇಳುವುದಿಲ್ಲ.

3. ಪರ್ಯಾಯನಾಮ ಮತ್ತು ನಾನಾರ್ಥ

ಒಂದು ವಸ್ತುವಿಗೆ ಹಲವು ಹೆಸರುಗಳಿರುವುದು, ಒಂದು ಹೆಸರಿಗೆ ಹಲವು ಅರ್ಥಗಳಿರುವುದು ನಿಘಂಟುಶಾಸ್ತ್ರದ ಎರಡು ಮೂಲ ಸಮಸ್ಯೆಗಳು. ಅಮರಕೋಶವು ಪರ್ಯಾಯಪದಗಳನ್ನು ವಿಷಯಾನುಸಾರವಾಗಿ ವರ್ಗಗಳಲ್ಲಿ ಜೋಡಿಸಿ, ನಾನಾರ್ಥಗಳಿಗಾಗಿಯೇ ಪ್ರತ್ಯೇಕ ವರ್ಗವೊಂದನ್ನು ಇಟ್ಟುಕೊಂಡಿದೆ. ವಂಶವಾಹಿಗಳ ಜಗತ್ತಿನಲ್ಲಿಯೂ ಈ ಎರಡು ಸಮಸ್ಯೆಗಳು ಒಟ್ಟಿಗೆ ಇವೆ.

ಮೊದಲನೆಯದಕ್ಕೆ ಪ್ರಸಿದ್ಧ ಉದಾಹರಣೆ ‘ಟಿಪಿ53’. ಕ್ಯಾನ್ಸರ್ ಗೆಡ್ಡೆ ಬೆಳೆಯದಂತೆ ತಡೆಯುವ ಈ ವಂಶವಾಹಿ ಮಾನವನ 17ನೆಯ ವರ್ಣತಂತುವಿನಲ್ಲಿದೆ. ಇದು ರೂಪಿಸುವ ಪ್ರೋಟೀನನ್ನು 1979ರಲ್ಲಿ ಗುರುತಿಸಲಾಯಿತು. ಪ್ರಯೋಗದಲ್ಲಿ ಅದರ ತೂಕ ಸುಮಾರು 53 ಸಾವಿರ ಡಾಲ್ಟನ್ ಎಂದು ಕಂಡದ್ದರಿಂದ ‘ಪಿ53’ ಎಂಬ ಹೆಸರು ಬಂದಿತು. ಅದರ ನಿಜವಾದ ತೂಕ ಸುಮಾರು 44 ಸಾವಿರ ಡಾಲ್ಟನ್ ಎಂದು ಅನಂತರ ತಿಳಿಯಿತಾದರೂ ಹೆಸರು ಹಾಗೆಯೇ ಉಳಿಯಿತು. ಅರ್ಥ ಬದಲಾದರೂ ರೂಪ ಉಳಿದ ಶಬ್ದಗಳನ್ನು ಬಲ್ಲ ನಮಗೆ ಇದು ಆಶ್ಚರ್ಯದ ಸಂಗತಿಯಲ್ಲ. ಇದೇ ವಂಶವಾಹಿಯನ್ನು ಹಿಂದಿನ ಬರಹಗಳಲ್ಲಿ ‘ಎಲ್‌ಎಫ್‌ಎಸ್1’ ಎಂದೂ ಕರೆದಿರುವುದುಂಟು. ಹೀಗೆ ಹಲವು ಹೆಸರುಗಳಿರುವಾಗ ಸಾಧನವು ಎಲ್ಲವನ್ನೂ ಒಂದೇ ಉಲ್ಲೇಖಕ್ಕೆ ತಂದು ನಿಲ್ಲಿಸಬೇಕು.

ಎರಡನೆಯ ಸಮಸ್ಯೆ ಹೆಚ್ಚು ಅಪಾಯಕಾರಿಯಾದುದು. ‘ಟಿಎಝಡ್’ ಎಂಬ ಸಂಕೇತನಾಮವನ್ನು ಎರಡು ಬೇರೆ ಬೇರೆ ವಂಶವಾಹಿಗಳಿಗೆ ಬಳಸಲಾಗಿದೆ. ಒಂದು, ಎಕ್ಸ್ ವರ್ಣತಂತುವಿನಲ್ಲಿರುವ ಟಫಾಝಿನ್ ವಂಶವಾಹಿ. ಇದರ ದೋಷದಿಂದ ಮುಖ್ಯವಾಗಿ ಗಂಡುಮಕ್ಕಳಲ್ಲಿ ಹೃದಯದ ಸ್ನಾಯು ದುರ್ಬಲವಾಗುವ ಬಾರ್ತ್ ಸಿಂಡ್ರೋಮ್ ಎಂಬ ಕಾಯಿಲೆ ಉಂಟಾಗುತ್ತದೆ. ಇನ್ನೊಂದು, ಮೂರನೆಯ ವರ್ಣತಂತುವಿನಲ್ಲಿದ್ದು ಜೀವಕೋಶದ ಬೆಳವಣಿಗೆಯ ನಿಯಂತ್ರಣದಲ್ಲಿ ಪಾಲ್ಗೊಳ್ಳುವ ‘ಡಬ್ಲ್ಯೂಡಬ್ಲ್ಯೂಟಿಆರ್1’. ಮೊದಲನೆಯದಕ್ಕೆ ಇದು ಅಧಿಕೃತ ಹೆಸರೇ ಆಗಿತ್ತು. ಎರಡನೆಯದಕ್ಕೆ ಬಳಕೆಯ ಹೆಸರು. ಈ ಗೊಂದಲದಿಂದಾಗಿ ಮೊದಲನೆಯದರ ಅಧಿಕೃತ ಸಂಕೇತನಾಮವನ್ನು ಈಗ ‘ಟಫಾಝಿನ್’ ಎಂದೇ ಬದಲಿಸಲಾಗಿದೆ. ಆದರೆ ಹಳೆಯ ಲೇಖನಗಳಲ್ಲಿ ಹಳೆಯ ಹೆಸರೇ ಇದೆ.

ಗೆಳೆಯರ ಸಾಧನ ಎಡವಿದ್ದು ಇಲ್ಲಿಯೇ. ಬಾರ್ತ್ ಸಿಂಡ್ರೋಮಿಗೆ ಸಂಬಂಧಿಸಿದ ಪರೀಕ್ಷಾರ್ಥ ಪ್ರಶ್ನೆಯೊಂದನ್ನು ಕೊಟ್ಟಾಗ ಏಜೆಂಟ್ ‘ಟಿಎಝಡ್’ ಎಂದು ಹುಡುಕಿತು. ಸಾಧನ ಎರಡು ಫಲಿತಾಂಶಗಳನ್ನು ತಂದಿತು. ಏಜೆಂಟ್ ಮೊದಲಿನದನ್ನು ಎತ್ತಿಕೊಂಡು, ಮೂರನೆಯ ವರ್ಣತಂತುವಿನ ವಂಶವಾಹಿಯ ವಿವರಗಳನ್ನು ಹೃದಯರೋಗದ ಉತ್ತರಕ್ಕೆ ಜೋಡಿಸಿತು. ಉತ್ತರದ ಭಾಷೆ ಸುಸಂಬದ್ಧವಾಗಿತ್ತು, ಧಾಟಿ ನಿಶ್ಚಿತವಾಗಿತ್ತು, ವಿಷಯ ಮಾತ್ರ ತಪ್ಪಾಗಿತ್ತು. ಇದು ಪರೀಕ್ಷೆಯಾಗಿದ್ದುದರಿಂದ ಯಾರಿಗೂ ಹಾನಿಯಾಗಲಿಲ್ಲ. ಇಂತಹುದೇ ಉತ್ತರ ಒಂದು ಮಗುವಿನ ಕಡತದೊಳಗೆ ಸೇರಿದರೆ ಆಗಬಹುದಾದುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಘಂಟುಗಳಲ್ಲಿ ಸಮರೂಪದ ಪದಗಳನ್ನು ಬೇರೆ ಬೇರೆ ಉಲ್ಲೇಖಗಳಾಗಿ ಕೊಡುವ ಕ್ರಮವಿದೆ. ತಿಳಿಯುವುದು ಎಂಬ ಅರ್ಥದ ‘ಅರಿ’, ಕತ್ತರಿಸುವುದು ಎಂಬ ಅರ್ಥದ ‘ಅರಿ’, ಶತ್ರು ಎಂಬ ಅರ್ಥದ ಸಂಸ್ಕೃತದ ‘ಅರಿ’ ಇವುಗಳಲ್ಲಿ ಯಾವುದು ಪ್ರಸ್ತುತ ಎಂಬುದನ್ನು ಸಂದರ್ಭವೇ ನಿರ್ಧರಿಸುತ್ತದೆ. ಮೊದಲು ಅಚ್ಚಾದ ಅರ್ಥವೇ ಸರಿಯೆಂದು ಯಾವ ಓದುಗನೂ ತಿಳಿಯುವುದಿಲ್ಲ. ಏಜೆಂಟಿಗೆ ಈ ವಿವೇಕವನ್ನು ವಿವರಣೆಯೇ ಕಲಿಸಬೇಕು.

4. ಹೆಸರಿನ ಆಡಳಿತ ಮತ್ತು ಗುರುತಿನ ಸಂಖ್ಯೆ

ಮಾನವ ವಂಶವಾಹಿಗಳ ನಾಮಕರಣಕ್ಕೆ ಮೊದಲ ಮಾರ್ಗಸೂಚಿ 1979ರಲ್ಲಿ ಪ್ರಕಟವಾಯಿತು. ಈಗ ಈ ಕಾರ್ಯವನ್ನು ‘ಹ್ಯೂಗೋ ಜೀನ್ ನಾಮೆನ್‌ಕ್ಲೇಚರ್ ಕಮಿಟಿ’ ನಿರ್ವಹಿಸುತ್ತಿದೆ. ಪ್ರೋಟೀನನ್ನು ರೂಪಿಸುವ ಸುಮಾರು ಇಪ್ಪತ್ತು ಸಾವಿರ ಮಾನವ ವಂಶವಾಹಿಗಳಲ್ಲಿ ಒಂದೊಂದಕ್ಕೂ ಒಂದೇ ಅಧಿಕೃತ ಸಂಕೇತನಾಮ ಇರಬೇಕೆಂಬುದು ಅದರ ನಿಯಮ.

ಹೆಸರುಗಳು ಯಂತ್ರದ ಕೈಗೆ ಸಿಕ್ಕಾಗ ಕೆಡುವ ರೀತಿಗೆ ಒಂದು ಪ್ರಸಂಗ ನಿದರ್ಶನವಾಗಿದೆ. ‘ಸೆಪ್ಟ್2’, ‘ಮಾರ್ಚ್1’ ಎಂಬಂತಹ ಸಂಕೇತನಾಮಗಳನ್ನು ಎಕ್ಸೆಲ್ ತಂತ್ರಾಂಶದಲ್ಲಿ ಬರೆದಾಗ ಅದು ಅವುಗಳನ್ನು ಸೆಪ್ಟೆಂಬರ್ 2, ಮಾರ್ಚ್ 1 ಎಂಬ ದಿನಾಂಕಗಳನ್ನಾಗಿ ಮಾರ್ಪಡಿಸುತ್ತಿತ್ತು. ಈ ದೋಷವನ್ನು 2004ರಲ್ಲಿಯೇ ವಿದ್ವಾಂಸರು ಎತ್ತಿ ತೋರಿಸಿದ್ದರು. 2016ರ ಒಂದು ಸಮೀಕ್ಷೆಯಂತೆ, ಎಕ್ಸೆಲ್ ರೂಪದಲ್ಲಿ ವಂಶವಾಹಿಗಳ ಪಟ್ಟಿಗಳನ್ನು ಒದಗಿಸಿದ್ದ ಸಂಶೋಧನ ಲೇಖನಗಳ ಪೈಕಿ ಸುಮಾರು ಐದನೆಯ ಒಂದು ಭಾಗದಲ್ಲಿ ಇಂತಹ ತಪ್ಪುಗಳಿದ್ದವು. ಕೊನೆಗೆ 2020ರ ವೇಳೆಗೆ ನಾಮಕರಣ ಸಮಿತಿಯೇ ಅವುಗಳ ಹೆಸರನ್ನು ‘ಸೆಪ್ಟಿನ್2’, ‘ಮಾರ್ಚ್‌ಎಫ್1’ ಎಂದು ಬದಲಿಸಿತು. ಯಂತ್ರಕ್ಕೆ ಅನುಗುಣವಾಗಿ ಶಾಸ್ತ್ರವೇ ತನ್ನ ಶಬ್ದರೂಪವನ್ನು ತಿದ್ದಿಕೊಂಡ ಅಪರೂಪದ ಸಂದರ್ಭವಿದು.

ಲಿಪಿಗೆ ಸಂಬಂಧಿಸಿದ ಇನ್ನೊಂದು ಸೂಕ್ಷ್ಮವಿದೆ. ‘ಎಸ್‌ಎಚ್‌ಎಚ್’ ಎಂಬ ವಂಶವಾಹಿ ಮಾನವನದಾದರೆ ರೋಮನ್ ಲಿಪಿಯಲ್ಲಿ ಎಲ್ಲ ಅಕ್ಷರಗಳೂ ದೊಡ್ಡಕ್ಷರಗಳು. ಇಲಿಯದಾದರೆ ಮೊದಲನೆಯದು ಮಾತ್ರ ದೊಡ್ಡಕ್ಷರ. ಅಂದರೆ ಜೀವಿಪ್ರಭೇದದ ಸೂಚನೆ ಅಕ್ಷರದ ಗಾತ್ರದಲ್ಲಿ ಅಡಗಿದೆ. ಕನ್ನಡ ಲಿಪಿಯಲ್ಲಿ ಈ ಭೇದಕ್ಕೆ ಅವಕಾಶವೇ ಇಲ್ಲ. ಹುಡುಕುವಾಗ ಅಕ್ಷರಗಾತ್ರವನ್ನು ಗಣಿಸದ ಸಾಧನಗಳಲ್ಲಿಯೂ ಇದು ಅಳಿಸಿಹೋಗುತ್ತದೆ. ಆದುದರಿಂದ ಜೀವಿಪ್ರಭೇದವನ್ನು ಪ್ರತ್ಯೇಕವಾಗಿ ಹೇಳುವುದು ಕಡ್ಡಾಯವೆಂದು ವಿವರಣೆಯಲ್ಲಿ ಬರೆಯಬೇಕಾಗುತ್ತದೆ.

ಇಂತಹ ಕಾರಣಗಳಿಂದಾಗಿ ದತ್ತಕೋಶಗಳು ಹೆಸರಿನ ಜೊತೆಗೆ ಗುರುತಿನ ಸಂಖ್ಯೆಯನ್ನೂ ಕೊಡುತ್ತವೆ. ಅಮೆರಿಕದ ಎನ್‌ಸಿಬಿಐ ಸಂಸ್ಥೆಯ ದತ್ತಕೋಶದಲ್ಲಿ ಮಾನವನ ಟಿಪಿ53ರ ಸಂಖ್ಯೆ 7157. ಇಲಿಯಲ್ಲಿ ಅದಕ್ಕೆ ಸಂವಾದಿಯಾದ ವಂಶವಾಹಿಯ ಸಂಖ್ಯೆ 22059. ಯುರೋಪಿನ ಎನ್‌ಸೆಂಬಲ್ ದತ್ತಕೋಶದಲ್ಲಿ ಮಾನವನ ಟಿಪಿ53ಕ್ಕೆ ‘ಇಎನ್‌ಎಸ್‌ಜಿ00000141510’ ಎಂಬ ಗುರುತಿದೆ. ಹೆಸರು ಬದಲಾದರೂ ಸಂಖ್ಯೆ ಸಾಮಾನ್ಯವಾಗಿ ಸ್ಥಿರವಾಗಿರುತ್ತದೆ. ಸಾಮಾನ್ಯವಾಗಿ ಎಂದದ್ದಕ್ಕೆ ಕಾರಣವಿದೆ: ಎರಡು ಉಲ್ಲೇಖಗಳು ಒಂದೇ ವಂಶವಾಹಿಗೆ ಸೇರಿದವೆಂದು ತಿಳಿದಾಗ ಒಂದು ಸಂಖ್ಯೆಯನ್ನು ಕೈಬಿಟ್ಟು ಇನ್ನೊಂದರಲ್ಲಿ ವಿಲೀನಗೊಳಿಸುವುದುಂಟು.

ಸ್ಥಾನಸೂಚಿಯ ವಿಷಯದಲ್ಲಿಯೂ ಎಚ್ಚರ ಬೇಕು. ಮಾನವ ಜೀನೋಮಿನ ಆಕರಪಾಠ ಹಲವು ಆವೃತ್ತಿಗಳಲ್ಲಿ ಪ್ರಕಟವಾಗಿದೆ. 2009ರ ‘ಜಿಆರ್‌ಸಿಎಚ್37’ ಆವೃತ್ತಿಯಲ್ಲಿ ಟಿಪಿ53 ಇರುವ ಸ್ಥಾನಕ್ಕೂ 2013ರ ‘ಜಿಆರ್‌ಸಿಎಚ್38’ ಆವೃತ್ತಿಯಲ್ಲಿ ಅದು ಇರುವ ಸ್ಥಾನಕ್ಕೂ ಸುಮಾರು 97 ಸಾವಿರ ಅಕ್ಷರಗಳ ಅಂತರವಿದೆ. ಕಾವ್ಯದ ಪದ್ಯಸಂಖ್ಯೆಯನ್ನು ಕೊಟ್ಟು ಯಾವ ಸಂಪಾದಕರ ಆವೃತ್ತಿ ಎಂಬುದನ್ನು ಹೇಳದಿದ್ದರೆ ನಮ್ಮ ಕ್ಷೇತ್ರದಲ್ಲಿ ಎಷ್ಟು ತೊಂದರೆಯಾಗುತ್ತದೆಯೋ ಇಲ್ಲಿಯೂ ಅಷ್ಟೇ ತೊಂದರೆಯಾಗುತ್ತದೆ. ಆವೃತ್ತಿಯನ್ನು ಹೇಳದ ಸ್ಥಾನಸೂಚಿ ನಿರುಪಯುಕ್ತ.

5. ಸೂತ್ರ, ವೃತ್ತಿ, ಪ್ರಯೋಗ

ಕೇಶಿರಾಜನು 13ನೆಯ ಶತಮಾನದಲ್ಲಿ ರಚಿಸಿದ ‘ಶಬ್ದಮಣಿದರ್ಪಣ’ದ ನಿರೂಪಣಾಕ್ರಮ ಸುಪರಿಚಿತವಾದುದು. ಕಂದಪದ್ಯದಲ್ಲಿ ಸೂತ್ರ, ಗದ್ಯದಲ್ಲಿ ವೃತ್ತಿ, ಪೂರ್ವಕವಿಗಳಿಂದ ಆಯ್ದ ಪ್ರಯೋಗಗಳು ಎಂಬ ಮೂರು ಹಂತಗಳಲ್ಲಿ ಅವನು ವಿಷಯವನ್ನು ಮಂಡಿಸುತ್ತಾನೆ. ಸೂತ್ರ ಸಂಕ್ಷಿಪ್ತವಾಗಿರುತ್ತದೆ, ವೃತ್ತಿ ಅದರ ಸಂದೇಹಗಳನ್ನು ಬಿಡಿಸುತ್ತದೆ, ಪ್ರಯೋಗ ನಿಯಮದ ವ್ಯಾಪ್ತಿಯನ್ನು ಕಣ್ಣಿಗೆ ಕಾಣಿಸುತ್ತದೆ. ಮೂರನೆಯದನ್ನು ತೆಗೆದುಹಾಕಿದರೆ ಮೊದಲೆರಡು ಎಷ್ಟೋ ಕಡೆ ಅರ್ಥವಾಗುವುದೇ ಕಷ್ಟ.

ಈ ಕ್ರಮದ ಔಚಿತ್ಯವನ್ನು ಬೇರೊಂದು ದಿಕ್ಕಿನಿಂದ ಸಮರ್ಥಿಸುವ ಸಂಶೋಧನೆಯೊಂದು 2023ರಲ್ಲಿ ಪ್ರಕಟವಾಯಿತು. ಎನ್‌ಸಿಬಿಐ ಸಂಸ್ಥೆಯ ಸಂಶೋಧಕರು ‘ಜೀನ್‌ಜಿಪಿಟಿ’ ಎಂಬ ವ್ಯವಸ್ಥೆಯಲ್ಲಿ, ಭಾಷಾ ಮಾದರಿಯೊಂದು ವಂಶವಾಹಿಗಳನ್ನು ಕುರಿತ ಪ್ರಶ್ನೆಗಳಿಗೆ ತನ್ನ ನೆನಪಿನಿಂದ ಉತ್ತರಿಸುವ ಬದಲು ದತ್ತಕೋಶವನ್ನು ತಾನೇ ವಿಚಾರಿಸುವಂತೆ ಮಾಡಿದರು. ‘ಜೀನ್‌ಟ್ಯೂರಿಂಗ್’ ಎಂಬ ಪ್ರಶ್ನಾವಳಿಯಲ್ಲಿ ಈ ವ್ಯವಸ್ಥೆ ಸರಾಸರಿ 0.83 ಅಂಕವನ್ನು ಗಳಿಸಿತು. ದತ್ತಕೋಶದ ನೆರವಿಲ್ಲದ ಚಾಟ್‌ಜಿಪಿಟಿಯ ಆಗಿನ ಆವೃತ್ತಿ ಗಳಿಸಿದ್ದು 0.12. ನಮಗೆ ಮುಖ್ಯವಾದುದು ಇನ್ನೊಂದು ತೀರ್ಮಾನ. ಮಾದರಿಗೆ ಸಾಧನದ ವಿವರಣೆಯನ್ನೂ ಕೊಡಲಾಗಿತ್ತು, ಪ್ರಶ್ನೆ, ಕೋರಿಕೆ, ಫಲಿತಾಂಶ ಮತ್ತು ಉತ್ತರಗಳನ್ನೊಳಗೊಂಡ ಪ್ರಾತ್ಯಕ್ಷಿಕೆಗಳನ್ನೂ ಕೊಡಲಾಗಿತ್ತು. ವಿವರಣೆಗಿಂತ ಪ್ರಾತ್ಯಕ್ಷಿಕೆಗಳೇ ಹೆಚ್ಚು ನೆರವಾದವೆಂದು ಸಂಶೋಧಕರು ಕಂಡುಕೊಂಡರು. ಪ್ರಯೋಗವಿಲ್ಲದ ಸೂತ್ರ ದುರ್ಬಲವೆಂಬುದು ಲಾಕ್ಷಣಿಕರು ತಮ್ಮ ಗ್ರಂಥರಚನೆಯಲ್ಲಿಯೇ ಒಪ್ಪಿಕೊಂಡಿದ್ದ ಸತ್ಯ.

ಈ ಹಿನ್ನೆಲೆಯಲ್ಲಿ ಗೆಳೆಯರ ಸಾಧನದ ವಿವರಣೆಯನ್ನು ಮೂರು ಹಂತಗಳಲ್ಲಿ ಮರುರಚಿಸಲಾಯಿತು. ಅದರ ಕನ್ನಡ ರೂಪ ಹೀಗಿದೆ:

ಸೂತ್ರ: ಒಂದು ವಂಶವಾಹಿಯ ಅಧಿಕೃತ ಸಂಕೇತನಾಮ, ಪೂರ್ಣನಾಮ, ಗುರುತಿನ ಸಂಖ್ಯೆ ಮತ್ತು ವರ್ಣತಂತುವಿನಲ್ಲಿ ಅದರ ಸ್ಥಾನ ಬೇಕಾದಾಗ ಈ ಸಾಧನವನ್ನು ಬಳಸಬೇಕು. ರೋಗನಿರ್ಣಯಕ್ಕಾಗಲಿ, ಒಂದು ಮಾರ್ಪಾಟಿನಿಂದ ಹಾನಿಯಾಗುವುದೋ ಇಲ್ಲವೋ ಎಂದು ತೀರ್ಮಾನಿಸುವುದಕ್ಕಾಗಲಿ ಇದನ್ನು ಬಳಸಬಾರದು.

ವೃತ್ತಿ: ಎರಡು ಅಂಶಗಳನ್ನು ಕೊಡಬೇಕು. ಒಂದು ಹೆಸರು ಅಥವಾ ಗುರುತಿನ ಸಂಖ್ಯೆ, ಇನ್ನೊಂದು ಜೀವಿಪ್ರಭೇದ. ಪ್ರಶ್ನೆಯಲ್ಲಿ ಜೀವಿಪ್ರಭೇದ ಸ್ಪಷ್ಟವಾಗಿಲ್ಲದಿದ್ದರೆ ಬಳಕೆದಾರರನ್ನು ಕೇಳಬೇಕು. ಗುರುತಿನ ಸಂಖ್ಯೆ ತಿಳಿದಿದ್ದರೆ ಹೆಸರಿಗಿಂತ ಅದನ್ನೇ ಕೊಡುವುದು ಲೇಸು. ಫಲಿತಾಂಶದಲ್ಲಿ, ಕೊಟ್ಟ ಹೆಸರು ಅಧಿಕೃತವೋ, ಹಿಂದಿನದೋ, ಪರ್ಯಾಯವೋ ಎಂಬ ಸೂಚನೆ ಇರುತ್ತದೆ. ಒಂದಕ್ಕಿಂತ ಹೆಚ್ಚು ಫಲಿತಾಂಶಗಳು ಬಂದರೆ ಅವುಗಳ ಕ್ರಮಕ್ಕೆ ಅರ್ಥವಿಲ್ಲ. ಪೂರ್ಣನಾಮವನ್ನು ಪ್ರಶ್ನೆಯ ಸಂದರ್ಭದೊಡನೆ ಹೋಲಿಸಿ ಆರಿಸಬೇಕು. ಸ್ಥಾನಸೂಚಿ ಜಿಆರ್‌ಸಿಎಚ್38 ಆವೃತ್ತಿಯದು. ಉತ್ತರದಲ್ಲಿ ಆವೃತ್ತಿಯನ್ನು ಹೇಳಲೇಬೇಕು.

ಪ್ರಯೋಗ: ‘ಬಾರ್ತ್ ಸಿಂಡ್ರೋಮಿಗೆ ಕಾರಣವಾದ ಟಿಎಝಡ್ ಎಲ್ಲಿದೆ?’ ಎಂಬ ಪ್ರಶ್ನೆಗೆ ಕೊಡಬೇಕಾದ ಅಂಶಗಳು: ಟಿಎಝಡ್, ಮಾನವ. ಬರುವ ಫಲಿತಾಂಶಗಳು ಎರಡು: ಹಿಂದಿನ ಹೆಸರಾಗಿ ಟಫಾಝಿನ್, ಪರ್ಯಾಯನಾಮವಾಗಿ ಡಬ್ಲ್ಯೂಡಬ್ಲ್ಯೂಟಿಆರ್1. ಪ್ರಶ್ನೆಯಲ್ಲಿ ರೋಗದ ಹೆಸರಿರುವುದರಿಂದ ಮೊದಲನೆಯದನ್ನು ಆರಿಸಿ, ಎರಡನೆಯದನ್ನು ಏಕೆ ಬಿಡಲಾಯಿತೆಂದು ಉತ್ತರದಲ್ಲಿ ತಿಳಿಸಬೇಕು.

ಮರುರಚನೆಯ ಅನಂತರ ಅದೇ ಪ್ರಶ್ನೆಯನ್ನು ಮತ್ತೆ ಕೊಟ್ಟಾಗ ಏಜೆಂಟ್ ಸರಿಯಾದ ವಂಶವಾಹಿಯನ್ನು ಆರಿಸಿತು. ಸಾಧನದ ಒಳರಚನೆಯಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಒಂದೇ ನಿದರ್ಶನದಿಂದ ಸಾಮಾನ್ಯ ನಿಯಮವನ್ನು ಹೊರಡಿಸುವುದು ಸಲ್ಲದಾದರೂ, ವ್ಯತ್ಯಾಸ ವಿವರಣೆಯ ಭಾಷೆಯಿಂದ ಉಂಟಾಯಿತೆಂಬುದನ್ನು ಒಪ್ಪಬೇಕಾಗುತ್ತದೆ.

6. ‘ದೊರೆಯಲಿಲ್ಲ’ ಎಂಬ ಉತ್ತರ

ನಿಘಂಟಿನಲ್ಲಿ ಪದ ದೊರೆಯದಿದ್ದಾಗ ಓದುಗ ನಿಘಂಟನ್ನು ಮುಚ್ಚಿಡುತ್ತಾನೆ. ಭಾಷಾ ಮಾದರಿಯ ಸ್ವಭಾವ ಬೇರೆ. ಸಾಧನದಿಂದ ಬರಿದಾದ ಫಲಿತಾಂಶ ಬಂದಾಗ ಅದು ತನ್ನ ನೆನಪಿನಿಂದ ಒಂದು ಸಂಖ್ಯೆಯನ್ನು ಕಟ್ಟಿಕೊಡುವ ಸಾಧ್ಯತೆಯಿದೆ. ಅಂತಹ ಸಂಖ್ಯೆ ನೋಟಕ್ಕೆ ನಿಜವಾದ ಗುರುತಿನ ಸಂಖ್ಯೆಯಂತೆಯೇ ಇರುವುದರಿಂದ ತಪ್ಪನ್ನು ಪತ್ತೆಹಚ್ಚುವುದು ಸುಲಭವಲ್ಲ. ಆದುದರಿಂದ ಮೂರು ಸಂದರ್ಭಗಳನ್ನು ವಿವರಣೆ ಬೇರೆ ಬೇರೆಯಾಗಿ ಹೇಳಬೇಕು: ಆ ಹೆಸರಿನ ವಂಶವಾಹಿ ದತ್ತಕೋಶದಲ್ಲಿ ಇಲ್ಲದಿರುವುದು, ಕೋರಿಕೆಯ ರೂಪವೇ ತಪ್ಪಾಗಿರುವುದು, ದತ್ತಕೋಶವು ತಾತ್ಕಾಲಿಕವಾಗಿ ಉತ್ತರಿಸದಿರುವುದು. ಮೂರನೆಯದು ವಿರಳವೇನಲ್ಲ. ಎನ್‌ಸಿಬಿಐ ಸಂಸ್ಥೆಯು ಕೀಲಿಸಂಕೇತವಿಲ್ಲದವರಿಗೆ ಸೆಕೆಂಡಿಗೆ 3, ಕೀಲಿಸಂಕೇತವಿರುವವರಿಗೆ 10 ಕೋರಿಕೆಗಳ ಮಿತಿಯನ್ನು ಇಟ್ಟಿದೆ. ಮಿತಿ ಮೀರಿದಾಗ ಬರುವ ನಿರಾಕರಣೆಯನ್ನು ‘ಅಂತಹ ವಂಶವಾಹಿ ಇಲ್ಲ’ ಎಂದು ಏಜೆಂಟ್ ಅರ್ಥೈಸಬಾರದು.

7. ಕನ್ನಡದ ಸಂದರ್ಭ

ಇದೆಲ್ಲ ದೂರದ ವಿಷಯವೆಂದು ತೋರಬಹುದು. 2023ರ ಜುಲೈ ತಿಂಗಳಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನ ಅಭಿಯಾನದ 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಈ ಕಾಯಿಲೆಗೆ ಕಾರಣವಾದುದು 11ನೆಯ ವರ್ಣತಂತುವಿನಲ್ಲಿರುವ ‘ಎಚ್‌ಬಿಬಿ’ ವಂಶವಾಹಿಯ ಒಂದು ಮಾರ್ಪಾಟು. ಹಳೆಯ ಗ್ರಂಥಗಳಲ್ಲಿ ಇದನ್ನು ಪ್ರೋಟೀನಿನ ಆರನೆಯ ಸ್ಥಾನದ ಬದಲಾವಣೆ ಎಂದು ಹೇಳಿದೆ. ಆರಂಭದ ಘಟಕವನ್ನೂ ಎಣಿಸುವ ಇಂದಿನ ಪದ್ಧತಿಯಂತೆ ಅದು ಏಳನೆಯ ಸ್ಥಾನ. ಸಂಗತಿ ಒಂದೇ, ಎಣಿಕೆ ಎರಡು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರವು ಸಮನ್ವಯಗೊಳಿಸಿದ ‘ಜೀನೋಮ್ ಇಂಡಿಯಾ’ ಯೋಜನೆಯ ಹತ್ತು ಸಾವಿರ ಭಾರತೀಯರ ಜೀನೋಮ್ ದತ್ತಾಂಶವನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಲಾಯಿತು. ದತ್ತಾಂಶ ಹೆಚ್ಚಿದಂತೆ ಅದನ್ನು ವಿಚಾರಿಸುವ ಸಾಧನಗಳೂ ಹೆಚ್ಚುತ್ತವೆ.

ಒಬ್ಬ ಆರೋಗ್ಯ ಕಾರ್ಯಕರ್ತೆ ಕನ್ನಡದಲ್ಲಿ ಪ್ರಶ್ನೆ ಕೇಳಿದಳೆಂದು ಭಾವಿಸೋಣ. ಅವಳು ‘ಕುಡುಗೋಲು ಕಣ ರಕ್ತಹೀನತೆ’ ಎನ್ನಬಹುದು, ‘ಕುಡುಗೋಲು ಕಣ ರೋಗ’ ಎನ್ನಬಹುದು, ‘ಸಿಕಲ್ ಸೆಲ್’ ಎಂದೇ ಹೇಳಬಹುದು. ‘ಜೀನ್’ ಎಂಬ ಮೂಲಶಬ್ದಕ್ಕೇ ನಮ್ಮಲ್ಲಿ ವಂಶವಾಹಿ, ವಂಶಾಣು, ಗುಣಾಣು ಎಂಬ ಹಲವು ರೂಪಗಳು ಚಲಾವಣೆಯಲ್ಲಿವೆ. ಈ ಪರ್ಯಾಯಗಳನ್ನು ಒಂದು ಅಧಿಕೃತ ಗುರುತಿಗೆ ಜೋಡಿಸಿ ಕೊಡುವ ಕನ್ನಡ ಕೋಶವಿಲ್ಲದಿದ್ದರೆ ಏಜೆಂಟ್ ಇಲ್ಲಿಯೂ ಊಹೆಯನ್ನೇ ಆಶ್ರಯಿಸುತ್ತದೆ. ಆ ಊಹೆಯ ಭಾರವನ್ನು ಹೊರಬೇಕಾದವರು ಕನ್ನಡದಲ್ಲಿ ಮಾತ್ರ ಕೇಳಬಲ್ಲವರು.

8. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಹೊರಡುತ್ತವೆ. ವಂಶವಾಹಿ ಶೋಧಕ ಸಾಧನದ ವಿವರಣೆಯು ಏಜೆಂಟಿಗೆ ಇರುವ ಮುಖ್ಯ ಪಠ್ಯ. ಅದು ಪರ್ಯಾಯನಾಮ ಮತ್ತು ನಾನಾರ್ಥಗಳನ್ನು ಬೇರ್ಪಡಿಸಬೇಕು, ಜೀವಿಪ್ರಭೇದವನ್ನೂ ಆವೃತ್ತಿಯನ್ನೂ ಸ್ಪಷ್ಟವಾಗಿ ನಮೂದಿಸಬೇಕು, ಪ್ರಯೋಗಗಳಿಂದ ನಿಯಮವನ್ನು ಸ್ಥಾಪಿಸಬೇಕು, ದೊರೆಯದುದನ್ನು ದೊರೆಯಲಿಲ್ಲವೆಂದು ಹೇಳುವಂತೆ ಮಾಡಬೇಕು.

ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಎಂಟು ಸಂಪುಟಗಳು 1970ರಿಂದ 1995ರವರೆಗೆ ಪ್ರಕಟವಾದವು. ಪ್ರತಿಯೊಂದು ಅರ್ಥಕ್ಕೂ ಪ್ರಯೋಗದ ಆಧಾರವನ್ನು ಹುಡುಕಿದ ಆ ಶಿಸ್ತು ನಮ್ಮ ಅಧ್ಯಯನಕ್ಷೇತ್ರದ ಆಸ್ತಿ. ವೈದ್ಯ ಮತ್ತು ಜೀವವಿಜ್ಞಾನಗಳ ಕನ್ನಡ ಪದಗಳಿಗೆ ಅದೇ ಶಿಸ್ತಿನಿಂದ, ಅಧಿಕೃತ ಗುರುತಿನ ಸಂಖ್ಯೆಗಳನ್ನು ಜೋಡಿಸಿದ ಕೋಶವೊಂದನ್ನು ಸಿದ್ಧಪಡಿಸುವುದು ವಿಜ್ಞಾನ ವಿಭಾಗಗಳ ಸಹಕಾರದಿಂದ ಸಾಧ್ಯವಿರುವ ಕೆಲಸ. ಗೆಳೆಯರ ಸಾಧನಕ್ಕಾಗಿ ಎಚ್‌ಬಿಬಿ ವಂಶವಾಹಿಯ ಕನ್ನಡ ಪರ್ಯಾಯಗಳ ಚಿಕ್ಕ ಪಟ್ಟಿಯೊಂದನ್ನು ಈಗಾಗಲೇ ಆರಂಭಿಸಲಾಗಿದೆ. ಆರೋಗ್ಯ ಕಾರ್ಯಕರ್ತರೂ ಕಾಯಿಲೆಯಿಂದ ಬಳಲುವ ಕುಟುಂಬಗಳೂ ನಿಜವಾಗಿ ಬಳಸುವ ಮಾತುಗಳನ್ನು ಕ್ಷೇತ್ರಕಾರ್ಯದಿಂದ ಸಂಗ್ರಹಿಸಿ ಅದನ್ನು ತುಂಬಬೇಕಾಗಿದೆ. ಕನ್ನಡ ಅಧ್ಯಾಪಕರು ಮತ್ತು ಸಂಶೋಧಕರು ಈ ಕಡೆಗೆ ಗಮನ ಹರಿಸುವುದು ಅಗತ್ಯ.